ಹಾಡಿನ ಪೆಟ್ಟಿಗೆಯೂ ಸಾಹೇಬರ ಕುರ್ಚಿಯೂ

ಕಳೆದ ತಿಂಗಳು ನಾನು ಒಂದು ಆಟದಲ್ಲಿ ಗೆದ್ದೆ.

ನಗಬೇಡಿ. ನನ್ನ ವಯಸ್ಸಿಗೆ, ನನ್ನ ಮಂಡಿಗಳಿಗೆ, ನನ್ನ ಗುಮಾಸ್ತಗಿರಿಗೆ ಆಟ ಗೆಲ್ಲುವುದು ಸಣ್ಣ ಮಾತಲ್ಲ. ಅದೂ ಮಕ್ಕಳ ಆಟ. ಅದೂ ಹಾಸನದಲ್ಲಿ, ನಮ್ಮ ಸಾಹೇಬರ ಬಂಗಲೆಯ ಹಜಾರದಲ್ಲಿ, ಸಾಹೇಬರ ಕಣ್ಣೆದುರಿಗೇ. ಗೆದ್ದ ಫಲವಾಗಿ ಈ ವಾರದ ಅಂಕಣವನ್ನು ಅರಕಲಗೂಡಿನ ಬದಲು ನುಗ್ಗೇಹಳ್ಳಿಯಲ್ಲಿ ಕೂತು ಬರೆಯುತ್ತಿದ್ದೇನೆ. (ಸಂಪಾದಕರು ಎಂದಿನಂತೆ ನನ್ನ ಹೆಸರು ಹಾಕುವುದಿಲ್ಲ. ಹಾಕಿದರೂ ಚಿಂತೆಯಿಲ್ಲ. ಇದಕ್ಕಿಂತ ದೂರ ಕಳಿಸಲು ಜಿಲ್ಲೆಯಲ್ಲಿ ಜಾಗ ಉಳಿದಿಲ್ಲ.)

ನನ್ನ ಸಂಸಾರದ ಕಥೆ ಈ ಅಂಕಣ ಓದುವವರಿಗೆಲ್ಲ ಬಾಯಿಪಾಠವಾಗಿದೆ. ಹೊಸಬರಿಗಾಗಿ ಇನ್ನೊಮ್ಮೆ ಹೇಳುತ್ತೇನೆ, ಹಳಬರು ಸಹಿಸಿಕೊಳ್ಳಿ. ನನ್ನ ಹೆಂಡತಿ ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ. ನಾನು ಅರಕಲಗೂಡಿನಲ್ಲಿ ಗುಮಾಸ್ತ. ಸಂಸಾರ ಒಂದು, ಒಲೆ ಎರಡು. ಅವಳ ಒಲೆಯ ಮೇಲೆ ಅನ್ನ, ಸಾರು, ಪಲ್ಯ. ನನ್ನ ಒಲೆಯ ಮೇಲೆ ಬೆಳಗ್ಗೆ ಮಾಡಿದ್ದೇ ಸಂಜೆಗೂ. ಶನಿವಾರ ಕಚೇರಿ ಮುಗಿಸಿ ಬಸ್ಸು ಹಿಡಿದು ಹೊಳೆನರಸೀಪುರಕ್ಕೆ ಹೋಗುತ್ತೇನೆ. ಸೋಮವಾರ ಊರು ಏಳುವ ಮೊದಲೇ ಹೊರಡುತ್ತೇನೆ.

ಮಗಳು ಗಿರಿಜೆಗೆ ಏಳು ವರ್ಷ. ಶನಿವಾರ ನಾನು ಹೊಸಿಲು ದಾಟುವ ಮೊದಲೇ ಅವಳು ಕೇಳುವ ಪ್ರಶ್ನೆ ಒಂದೇ.

"ಯಾವಾಗ ಹೋಗ್ತೀರ ಅಪ್ಪಾಜಿ?"

ಅವಳದೇನೂ ತಪ್ಪಿಲ್ಲ. ನೆಂಟರು ಬಂದರೆ ಮಕ್ಕಳು ಹಾಗೇ ಕೇಳುತ್ತವೆ. ಹೊಳೆನರಸೀಪುರಕ್ಕೆ ವರ್ಗ ಮಾಡಿಕೊಡಿ ಎಂದು ಅರ್ಜಿ ಕೊಟ್ಟು, ಅರ್ಜಿಯನ್ನು ನೆನಪಿಸಲು ಇನ್ನೊಂದು ಅರ್ಜಿ ಕೊಟ್ಟು, ಅದನ್ನು ನೆನಪಿಸುವುದನ್ನು ನಾನೇ ಮರೆಯುವಷ್ಟು ಕಾಲವಾಗಿತ್ತು.

ಈಚೆಗೆ ಹೊಳೆನರಸೀಪುರದ ಗುಮಾಸ್ತರು ರಿಟೈರಾದರು. ಜಾಗ ಖಾಲಿ. ಹಾಸನದ ಕಚೇರಿಯ ಹೆಡ್ ಗುಮಾಸ್ತರು (ಶೇಷಪ್ಪನವರು ಎಂದು ಇಟ್ಟುಕೊಳ್ಳಿ, ನಿಜವಾದ ಹೆಸರು ಬೇರೆ) ನನಗೆ ಹೇಳಿ ಕಳಿಸಿದರು. ಭಾನುವಾರ ಸಾಹೇಬರ ಮಗನ ಬರ್ತ್‌ಡೇ ಪಾರ್ಟಿ. ಸ್ಟಾಫಿನವರು ಮಕ್ಕಳ ಸಮೇತ ಬರಬೇಕು. ಸಾಹೇಬರ ಮೂಡು ಚೆನ್ನಾಗಿರುತ್ತದೆ. ಸೋಮವಾರ ವರ್ಗದ ಕಾಗದ ಸಹಿಗೆ ಹೋಗುತ್ತದೆ.

ಇನ್ನೇನು ಬೇಕು? ಆ ಶನಿವಾರ ನಾನು ಮನೆಗೆ ಹೋಗಲಿಲ್ಲ. ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಹೊಳೆನರಸೀಪುರದಿಂದ ರೈಲಿನಲ್ಲಿ ಹಾಸನಕ್ಕೆ ಬಂದಳು. ನಾನು ಅರಕಲಗೂಡಿನಿಂದ ಬಸ್ಸು ಹತ್ತಿದೆ.

ಈಗಿನ ಬಸ್ಸಿನ ವಿಷಯ ನಿಮಗೆ ಹೇಳಬೇಕೆ? ಯುದ್ಧ ಶುರುವಾದ ಮೇಲೆ ಪೆಟ್ರೋಲಿಲ್ಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದಾರೆ. ಅದರ ಹೊಗೆಯಲ್ಲಿ ಬಸ್ಸು ಓಡುತ್ತದಂತೆ. ಇಳಿಜಾರಿನಲ್ಲಿ ಓಡುವುದೇನೋ ನಿಜ. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಆಮೇಲೆ ಬಸ್ಸನ್ನು ಅಟ್ಟಿಸಿಕೊಂಡು ಹೋಗಿ ಹತ್ತಬೇಕು.

"ಒಳೀಕೋಗಿ ಸಾ, ಒಳೀಕೋಗಿ. ಜಾಗ ಐತೆ," ಎಂದ ಕಂಡಕ್ಟರ್.

"ಎಲ್ಲಯ್ಯ ಐತೆ?"

"ನಿಂತ್ಕಳಾಕೆ ಐತಲ್ಲ ಸಾ."

ನಿಂತೆ. ಹಾಸನದವರೆಗೂ ನಿಂತೆ. ಇಳಿದು ಬಂಗಲೆಯವರೆಗೆ ನಡೆದೆ. ಅಲ್ಲಿ ಹೋಗಿ ಮತ್ತೆ ನಿಂತೆ.

ನಮ್ಮ ಇಲಾಖೆಯಲ್ಲಿ (ಯಾವ ಇಲಾಖೆ ಎಂದು ಕೇಳಬೇಡಿ, ಎಲ್ಲ ಕಡೆಯೂ ಇದೇ) ಕೂರುವ ವಿಷಯದಲ್ಲಿ ಒಂದು ಪದ್ಧತಿ ಇದೆ. ಸಾಹೇಬರು ನಿಂತಿದ್ದರೆ ನಾವು ಕೂರುವಂತಿಲ್ಲ. ಸಾಹೇಬರು ಕೂತಿದ್ದರೆ ನಾವು ಎದುರಿಗೆ ನಿಂತಿರಬೇಕು. ಹಾಗಾದರೆ ಗುಮಾಸ್ತ ಕೂರುವುದು ಯಾವಾಗ? ಸಾಹೇಬರು ಕ್ಯಾಂಪಿಗೆ ಹೋದಾಗ. ನನ್ನ ಇಡೀ ಸರ್ವೀಸಿನಲ್ಲಿ ಯಾವ ಅಧಿಕಾರಿಯೂ ನನಗೆ "ಕೂತ್ಕೊಳ್ಳಿ" ಎಂದವರಿಲ್ಲ. ನಾನೂ ಅದನ್ನು ನಿರೀಕ್ಷಿಸಿದವನಲ್ಲ. ಹೀಗಾಗಿ ಅಂದೂ ಗುಮಾಸ್ತರೆಲ್ಲ ಹಜಾರದ ಗೋಡೆಗೆ ಬೆನ್ನು ತಾಗಿಯೂ ತಾಗದ ಹಾಗೆ ಸಾಲಾಗಿ ನಿಂತಿದ್ದೆವು. ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಹೆಣ್ಣು ಜನ್ಮವೇ ಮೇಲು ಎಂದು ನನಗೆ ಆವತ್ತು ಮೊದಲ ಸಲ ಅನ್ನಿಸಿತು.

ಹಜಾರದ ನಡುವೆ ಒಂದು ದೊಡ್ಡ ಟ್ರಂಕು ತೆರೆದಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ಬಂಗಲೆಯಲ್ಲಿದ್ದ ಯಾರೋ ದೊರೆ ತನ್ನ ಮಕ್ಕಳ ಆಟದ ಸಾಮಾನನ್ನೆಲ್ಲ ಅದರಲ್ಲಿ ತುಂಬಿ ಗೋದಾಮಿನಲ್ಲಿ ಬಿಟ್ಟುಹೋಗಿದ್ದನಂತೆ. ಎಷ್ಟೋ ಸಾಹೇಬರು ಬಂದರು, ಹೋದರು, ಯಾರೂ ಅದನ್ನು ತೆಗೆದು ನೋಡಿರಲಿಲ್ಲ. ನಮ್ಮ ಸಾಹೇಬರ ಹೆಂಡತಿ ಮೈಸೂರಿನಲ್ಲಿ ಇಂಗ್ಲಿಷ್ ಓದಿದವರು. ತೆಗೆಸಿದರು, ಧೂಳು ಹೊಡೆಸಿದರು, ಪಾರ್ಟಿಯನ್ನು ಅದರ ಸುತ್ತಲೇ ಏರ್ಪಾಟು ಮಾಡಿದ್ದರು.

ಒಂದೊಂದೇ ಎತ್ತಿ ತೋರಿಸಿದರು. ತೂಗುವ ಮರದ ಕುದುರೆ, ಕುತ್ತಿಗೆಗೆ ನಿಜವಾದ ಕುದುರೆಯ ಕೂದಲು. ಒಂದು ಮರದ ದೋಣಿ, ಅದರೊಳಗೆ ಆನೆ, ಒಂಟೆ, ಕತ್ತೆ, ಎಲ್ಲವೂ ಜೋಡಿ ಜೋಡಿ. ಪಿಂಗಾಣಿ ಮುಖದ ಗೊಂಬೆ, ಮಲಗಿಸಿದರೆ ಕಣ್ಣು ಮುಚ್ಚುತ್ತದೆ. ಹಾವು ಏಣಿಯ ಹಲಗೆಯೂ ಇತ್ತು. ನಮ್ಮ ಅಜ್ಜಿಯರು ಏಕಾದಶಿಯ ದಿನ ಜಾಗರಣೆಗೆ ಆಡುತ್ತಿದ್ದ ಪರಮಪದದ ಪಟವೇ ಕೋಟು ತೊಟ್ಟುಕೊಂಡು ಸೀಮೆಯಿಂದ ವಾಪಸು ಬಂದಿತ್ತು.

ದಂತದ ಸಣ್ಣ ಕಡ್ಡಿಗಳ ಒಂದು ಕಟ್ಟು. ಅದನ್ನು ರಾಶಿ ಸುರಿಯಬೇಕು. ಉಳಿದ ಯಾವ ಕಡ್ಡಿಯೂ ಅಲುಗದಂತೆ ಒಂದನ್ನು ಮಾತ್ರ ಎಳೆಯಬೇಕು. ಅದೇನು ಮಹಾ? ನಾನು ಅರಕಲಗೂಡಿನಿಂದ ಒಂದು ಕಡ್ಡಿಯನ್ನು ಹೊಳೆನರಸೀಪುರಕ್ಕೆ ಎಳೆಯಲು ಎಷ್ಟು ಕಾಲದಿಂದ ಆಡುತ್ತಿಲ್ಲ?

ಇನ್ನೊಂದು ತಗಡಿನ ಡಬ್ಬಿ. ಸುತ್ತಲೂ ಉದ್ದುದ್ದ ಸೀಳು, ಒಳಗೆ ಕುದುರೆಯ ಚಿತ್ರಗಳ ಪಟ್ಟಿ. ಡಬ್ಬಿಯನ್ನು ತಿರುಗಿಸಿ ಸೀಳಿನಲ್ಲಿ ನೋಡಿದರೆ ಕುದುರೆ ಓಡುತ್ತದೆ. ಗಿರಿಜೆ ಅದರ ಮುಂದಿನಿಂದ ಕದಲಲಿಲ್ಲ. ನಾನೂ ಬಗ್ಗಿ ನೋಡಿದೆ. ಕುದುರೆ ಪಾಪ ಓಡಿತು, ಓಡಿತು, ಇದ್ದಲ್ಲೇ ಇತ್ತು. ಸೋಮವಾರ ಬೆಳಗಿನ ಬಸ್ಸು ನೆನಪಾಗಿ ಕಣ್ಣು ತೆಗೆದುಬಿಟ್ಟೆ.

"ಆಟದಲ್ಲಿ ಗೆದ್ದವರಿಗೆ ಇದೇ ಬಹುಮಾನ," ಎಂದರು ಸಾಹೇಬರ ಹೆಂಡತಿ.

ಆಟ ಯಾವುದು? ಮ್ಯೂಸಿಕಲ್ ಚೇರ್. ಟ್ರಂಕಿನಲ್ಲಿ ಒಂದು ಹಾಡಿನ ಪೆಟ್ಟಿಗೆ ಇತ್ತು. ಕೀಲಿ ಕೊಟ್ಟರೆ ಟಿಣಿಟಿಣಿ ಎಂದು ಯಾವುದೋ ಸೀಮೆಯ ರಾಗ ನುಡಿಸುತ್ತದೆ. ಪಕ್ಕದ ಸಣ್ಣ ಹಿಡಿಯನ್ನು ಒತ್ತಿದರೆ ನಿಲ್ಲುತ್ತದೆ. ಕುರ್ಚಿಗಳನ್ನು ಸುತ್ತಲೂ ಇಟ್ಟು ಮಕ್ಕಳು ಸುತ್ತಬೇಕು. ರಾಗ ನಿಂತೊಡನೆ ಕೂರಬೇಕು. ಮಕ್ಕಳಿಗಿಂತ ಒಂದು ಕುರ್ಚಿ ಕಡಿಮೆ. ಕುರ್ಚಿ ಸಿಗದವನು ಹೊರಗೆ. ಪ್ರತಿ ಸಲವೂ ಒಂದು ಕುರ್ಚಿ ತೆಗೆಯಬೇಕು. ಎಷ್ಟು ಸುಲಭ ನೋಡಿ. ಆ ದೊರೆಯ ಮಕ್ಕಳಿಗೆ ಸುಲಭವಾಗಿಯೇ ಇದ್ದಿರಬೇಕು.

ಬಂಗಲೆಯಲ್ಲಿ ಅಷ್ಟು ಕುರ್ಚಿ ಇರಲಿಲ್ಲ. ಶೇಷಪ್ಪನವರು ಕಚೇರಿಯಿಂದ ಗಾಡಿಯಲ್ಲಿ ಹೇರಿಸಿ ತರಿಸಿದ್ದರು. ಇದರಿಂದಲೇ ಕೆಟ್ಟಿದ್ದು. ಕಚೇರಿಯ ಕುರ್ಚಿ ಎಂದರೆ ಬರೀ ಕುರ್ಚಿಯೆ? ಒಂದೊಂದಕ್ಕೂ ಒಬ್ಬ ಯಜಮಾನ. ಜವಾನರ ಸ್ಟೂಲು, ಕಾಪಿ ಮಾಡುವವರ ಬೆಂಚು, ನಮ್ಮಂಥವರ ಕೈಯಿಲ್ಲದ ಕುರ್ಚಿ, ಶೇಷಪ್ಪನವರ ಬೆತ್ತದ ಕುರ್ಚಿ. ಎಲ್ಲಕ್ಕೂ ಮೇಲೆ ಸಾಹೇಬರ ಕೈಕುರ್ಚಿ. ಅದರ ಬೆನ್ನಿಗೆ ಬಿಳಿಯ ಟವಲು ಹೊದಿಸಿದ್ದು ಹೊದಿಸಿದಂತೆಯೇ ಬಂದಿತ್ತು. ಸಾಹೇಬರು ಆವತ್ತು ಅದರಲ್ಲಿ ಕೂರಲಿಲ್ಲ. ಸೋಫಾದಲ್ಲಿ ತಾಯಿಯ ಪಕ್ಕ ಕೂತಿದ್ದರು. ಆ ಮುದುಕಮ್ಮ ಮೊಸಳೆ ಎಂಬ ಊರಿನ ಕಡೆಯವರು, ಹೊಲದಲ್ಲಿ ದುಡಿದು ಮಗನನ್ನು ಓದಿಸಿದವರು. ಎಲೆಅಡಿಕೆ ಮೆಲ್ಲುತ್ತ ಎಲ್ಲವನ್ನೂ ನೋಡುತ್ತಿದ್ದರು.

ಆಟಕ್ಕೆ ಮುಂಚೆ ಶೇಷಪ್ಪನವರು ನಮ್ಮ ಸಾಲಿನ ಮುಂದೆ ಹಾದು ಹೋಗುತ್ತ ಪಿಸುಗುಟ್ಟಿದರು.

"ಮಕ್ಕಳಿಗೆ ಹೇಳಿಟ್ಟಿದೀರಿ ತಾನೆ? ಚಂದ್ರಪ್ಪ ಕೂತ ಮೇಲೇನೆ ಕೂರಬೇಕು. ತಿಳೀತೇನ್ರೀ?"

ಚಂದ್ರಪ್ಪ ಎಂದರೆ ಸಾಹೇಬರ ಮಗ ಚಂದ್ರು. ಎಂಟು ವರ್ಷದ ಹುಡುಗ. ನಾನೂ ಗಿರಿಜೆಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖ ನೋಡಿದಳು.

"ಯಾಕೆ ಅಪ್ಪಾಜಿ?"

"ನಾವು ಒಟ್ಟಿಗೆ ಇರಬೇಕೋ ಬೇಡವೋ?"

ಕುರ್ಚಿ ಆಟಕ್ಕೂ ಒಟ್ಟಿಗೆ ಇರುವುದಕ್ಕೂ ಏನು ಸಂಬಂಧ ಎಂದು ಅವಳಿಗೆ ತಿಳಿಯಲಿಲ್ಲ. ಆದರೂ ತಲೆ ಆಡಿಸಿದಳು. ಏಳು ವರ್ಷದ ಕೂಸು. ಸರ್ವೀಸಿಗೆ ಸೇರುವ ಮೊದಲೇ ಅವಳಿಗೆ ಸರ್ವೀಸು ಕಲಿಸಿದೆನಲ್ಲ ಎಂದು ಬೇಸರವಾಯಿತು.

ಹಾಡಿನ ಪೆಟ್ಟಿಗೆಯ ಹಿಡಿಯ ಮೇಲೆ ಶೇಷಪ್ಪನವರದೇ ಬೆರಳು. ಚಂದ್ರು ಒಂದು ಕುರ್ಚಿಯ ಎದುರಿಗೆ ಸರಿಯಾಗಿ ಬರುವವರೆಗೆ ರಾಗ ನಿಲ್ಲುತ್ತಿರಲಿಲ್ಲ. ರಾಗ ನಿಂತ ಮೇಲೆ ಅವನು ಕೂರುವವರೆಗೆ ಬೇರೆ ಮಕ್ಕಳು ಕೂರುತ್ತಿರಲಿಲ್ಲ. ಅವನು ಕೂತ ಮೇಲೆ ಕೂಡ ಅಡ್ಡಾದಿಡ್ಡಿ ಇಲ್ಲ. ಜವಾನನ ಮಗ ಸ್ಟೂಲನ್ನೇ ಹುಡುಕಿಕೊಂಡು ಹೋಗಿ ಕೂತ. ಗುಮಾಸ್ತರ ಮಕ್ಕಳು ಅಪ್ಪಂದಿರ ಕುರ್ಚಿಗೆ ಹೋದವು. ಬೆತ್ತದ ಕುರ್ಚಿಯ ಹತ್ತಿರ ಶೇಷಪ್ಪನವರ ಮಗಳ ಹೊರತು ಯಾರೂ ಸುಳಿಯಲಿಲ್ಲ. ಯಾರೂ ತಳ್ಳಲಿಲ್ಲ, ಬೀಳಲಿಲ್ಲ, ಕಿರುಚಲಿಲ್ಲ. ನಗಲೂ ಇಲ್ಲ.

"ಎಷ್ಟು ಡಿಸಿಪ್ಲಿನ್ ಇದೆ ನೋಡಿ," ಎಂದರು ಸಾಹೇಬರು. ನಾವೆಲ್ಲ ಹಿಗ್ಗಿದೆವು.

ಪ್ರತಿ ಸಲವೂ ತೆಗೆಯಬೇಕಾದ ಕುರ್ಚಿ ಯಾವುದು? ಶೇಷಪ್ಪನವರು ಸರ್ವೀಸು ಮಾಡಿ ಪಳಗಿದವರು. ಜೂನಿಯರನ್ನು ಮೊದಲು ತೆಗೆದರು. ಸ್ಟೂಲು ಹೋಯಿತು, ಬೆಂಚು ಹೋಯಿತು, ಕೈಯಿಲ್ಲದವೆಲ್ಲ ಹೋದವು. ಮಕ್ಕಳೂ ಒಬ್ಬೊಬ್ಬರಾಗಿ ಹೊರಬಿದ್ದರು. ಕಡೆಗೆ ಬೆತ್ತದ ಕುರ್ಚಿಯನ್ನೂ ತಮ್ಮ ಕೈಯಾರೆ ಎತ್ತಿ ಪಕ್ಕಕ್ಕಿಟ್ಟರು. ಅವರ ಮಗಳು ಅದರ ಹಿಂದೆಯೇ ಹೋದಳು. ಉಳಿದಿದ್ದು ಟವಲು ಹೊದ್ದ ಕೈಕುರ್ಚಿ ಒಂದು. ಮಕ್ಕಳು ಇಬ್ಬರು. ಚಂದ್ರು, ಮತ್ತೆ ನನ್ನ ಮಗಳು.

ಅವಳು ಅಲ್ಲಿಯವರೆಗೆ ಹೇಗೆ ಬಂದಳು? ಎಲ್ಲರೂ ಅಪ್ಪನ ಕುರ್ಚಿ ಹುಡುಕುತ್ತಿದ್ದಾಗ ಅವಳಿಗೆ ಹುಡುಕಲು ಕುರ್ಚಿಯೇ ಇರಲಿಲ್ಲ. ನನ್ನ ಕುರ್ಚಿ ಅರಕಲಗೂಡಿನಲ್ಲಿತ್ತಲ್ಲ. ಹಾಗಾಗಿ ಯಾವುದು ಖಾಲಿ ಇತ್ತೋ ಅದರಲ್ಲಿ ಕೂತು ಬಂದಿದ್ದಳು.

ಟಿಣಿಟಿಣಿ ಶುರುವಾಯಿತು. ಇಬ್ಬರೂ ಸುತ್ತಿದರು. ಚಂದ್ರು ಕುರ್ಚಿಯ ಮುಂದೆ ಬಂದ. ಶೇಷಪ್ಪನವರು ಹಿಡಿ ಒತ್ತಿದರು.

ಚಂದ್ರು ಕೂರಲಿಲ್ಲ.

"ಕೂತ್ಕೊಳ್ಳಪ್ಪ," ಎಂದರು ಶೇಷಪ್ಪನವರು.

"ಅಪ್ಪನ ಕುರ್ಚಿ. ಕೂತ್ರೆ ಹೊಡೀತಾರೆ," ಎಂದ ಹುಡುಗ.

ಸಾಹೇಬರ ಮುಖ ಕೆಂಪಾಯಿತು. "ಇವತ್ತು ಪರವಾಗಿಲ್ಲ, ಕೂತ್ಕೊಳೋ," ಎಂದರು. ಆದರೆ ಹೇಳಿದ ದನಿ ದಿನಾ ಬೈಯುವ ದನಿಯೇ. ಹುಡುಗ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಸಾಹೇಬರ ಹೆಂಡತಿ ಗಿರಿಜೆಗೆ ಹೇಳಿದರು, "ಹಾಗಾದ್ರೆ ನೀನು ಕೂತ್ಕೊ ಮಗು."

ಗಿರಿಜೆ ನನ್ನನ್ನು ನೋಡಿದಳು. ಅವಳೂ ಕೂರಲಿಲ್ಲ. ಚಂದ್ರು ಕೂತ ಮೇಲೆ ತಾನೆ ಅವಳು ಕೂರಬೇಕಾದ್ದು?

ರಾಗ ನಿಂತಿದೆ. ಕುರ್ಚಿ ಖಾಲಿ ಇದೆ. ಎರಡು ಮಕ್ಕಳು ಅದರ ಎರಡು ಕಡೆ ಕೈಕಟ್ಟಿಕೊಂಡು ನಿಂತಿವೆ. ಹುಡುಗನ ಕಣ್ಣಲ್ಲಿ ನೀರು. ಅವನ ಬರ್ತ್‌ಡೇ ಅದು. ಶೇಷಪ್ಪನವರು ನನ್ನ ಕಡೆ ಕಣ್ಣು ಬಿಟ್ಟರು. ಮಗಳನ್ನು ಹೊರಗೆ ಕರಿ, ಸೋಲಿಸು ಎಂದು ಅದರ ಅರ್ಥ. ನಾನು ಅವಳನ್ನು ಕರೆಯಲೆಂದೇ ಗೋಡೆ ಬಿಟ್ಟು ಹೋದೆ. ಇದು ಸತ್ಯ.

ಕುರ್ಚಿಯ ಹತ್ತಿರ ಬಂದೆ. ಮಂಡಿ ಎರಡೂ ಕುಟ್ಟುತ್ತಿದ್ದವು. ಬೆಳಗ್ಗೆಯಿಂದ ನಿಂತಿದ್ದೆ. ಬೆಳಗ್ಗೆಯಿಂದ ಎಂದೇನು, ಸರ್ವೀಸಿಗೆ ಸೇರಿದ ದಿನದಿಂದಲೂ ನಿಂತಿದ್ದೇನೆ ಅನ್ನಿಸಿತು. ಕಣ್ಣ ಮುಂದೆ ಮೆತ್ತೆ ಹಾಕಿದ ಕುರ್ಚಿ. ಅದರಲ್ಲಿ ಯಾರೂ ಕೂತಿಲ್ಲ. ಕೂರುವವರೂ ಯಾರೂ ಇಲ್ಲ.

ಕೂತುಬಿಟ್ಟೆ.

ಟವಲು ಬೆನ್ನಿಗೆ ತಾಗಿತು. ಎಷ್ಟು ಹಾಯಾಗಿತ್ತು ಎಂದರೆ, ಕ್ಷಮಿಸಿ, ನನಗೆ ಕಣ್ಣು ಮುಚ್ಚಿತು.

ತೆರೆದಾಗ ಸಾಹೇಬರು ಎದುರಿಗೆ ನಿಂತಿದ್ದರು. ಅವರು ನಿಂತು ನಾನು ಕೂತ ದೃಶ್ಯವನ್ನು ಇಡೀ ಇಲಾಖೆ ನೋಡುತ್ತಿತ್ತು. ಆದರೂ ಸಾಹೇಬರು ಕೆಟ್ಟವರಲ್ಲ. ನನಗೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟರು.

"ಯಾಕ್ರೀ, ತಲೆ ಸುತ್ತಿತೆ?"

"ಹೌದು ಅನ್ನಿ," ಎಂದು ಹಿಂದಿನಿಂದ ಶೇಷಪ್ಪನವರ ಪಿಸುಮಾತು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನೀರು ತಂದುಕೊಡುತ್ತಿದ್ದರು, ಪಾಪ ಎನ್ನುತ್ತಿದ್ದರು. ಸೋಮವಾರ ಸಹಿಯೂ ಬೀಳುತ್ತಿತ್ತೋ ಏನೋ. ಜಮಖಾನದ ಮೇಲಿಂದ ನನ್ನ ಹೆಂಡತಿಯೂ ಹೌದು ಅನ್ನಿ ಎಂಬಂತೆ ತಲೆ ಆಡಿಸುತ್ತಿದ್ದಳು. ಆದರೆ ಗಿರಿಜೆ ನನ್ನ ಮೊಣಕೈಯ ಪಕ್ಕದಲ್ಲೇ ನಿಂತಿದ್ದಳು. ಕೂರಬೇಡ ಎಂದು ಅವಳಿಗೆ ಕಲಿಸಿ ಆಗಿತ್ತು. ಕೂರಬೇಕೆಂದರೆ ಕಾಯಿಲೆ ಬೀಳಬೇಕು ಎಂಬುದನ್ನೂ ಕಲಿಸಬೇಕೆ? ಅಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಇಲ್ಲ ಸಾರ್," ಎಂದೆ. "ಕಾಲು ನೋಯ್ತಿತ್ತು. ಕುರ್ಚಿ ಖಾಲಿ ಇತ್ತು."

ಮೊದಲು ಬಾಯಿ ತೆರೆದದ್ದು ಸೋಫಾದ ಮೇಲಿನ ಮುದುಕಮ್ಮ. ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಸರಿಸಿ ಮಗನಿಗೆ ಹೇಳಿದರು.

"ಕುಂತೋನೇ ಗೆದ್ದೋನು ಅಂತ ನೀವೇ ಏಳುದ್ರಲ್ಲಾ. ಅವ್ನು ಕುಂತವ್ನೆ ಕಣ್ಲಾ. ಆ ಡಬ್ಬಿ ಕೊಟ್ಟು ಕಳಸು."

ಮಕ್ಕಳು ನಕ್ಕವು. ಆವತ್ತಿನ ಪಾರ್ಟಿಯಲ್ಲಿ ಮಕ್ಕಳು ನಕ್ಕಿದ್ದು ಅದೊಂದೇ ಸಲ. ಚಂದ್ರು ಎಲ್ಲರಿಗಿಂತ ಜೋರಾಗಿ ನಕ್ಕ. ತಾಯಿಯ ಮಾತನ್ನು ಸಾಹೇಬರು ಮೀರುವವರಲ್ಲ. ಕುದುರೆಯ ಡಬ್ಬಿಯನ್ನು ನನ್ನ ಕೈಗಿತ್ತರು. ನಾನು ಅದನ್ನು ಗಿರಿಜೆಯ ಕೈಗಿತ್ತೆ.

ಮೂವರೂ ರೈಲ್ವೆ ಸ್ಟೇಷನ್ನಿಗೆ ನಡೆದೆವು. ಬೆಂಚಿನ ಮೇಲೆ ಕೂತ ಮೇಲೆ ಹೆಂಡತಿ ಕೇಳಿದಳು.

"ತಲೆ ಸುತ್ತಿತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಒಂದು ಮಾತು. ಒಂದೇ ಒಂದು ಮಾತು."

ಅವಳು ಎರಡು ಊರಿನ ಚಿಂತೆಯನ್ನು ಒಂದೇ ತಲೆಯಲ್ಲಿ ಹೊತ್ತವಳು. ಶಾಲೆಯಲ್ಲಿ ಅವಳೂ ದಿನವೆಲ್ಲ ನಿಂತೇ ಇರುತ್ತಾಳೆ. ಅವಳು ಅತ್ತಿದ್ದರೆ ಚೆನ್ನಾಗಿತ್ತು, ಅಳಲಿಲ್ಲ.

ವರ್ಗದ ಆರ್ಡರು ಆ ವಾರವೇ ಬಂತು. ನಮ್ಮ ಇಲಾಖೆಯಲ್ಲಿ ಕೆಲಸ ಬೇಗ ಆಗುವುದಿಲ್ಲ ಎಂದವರು ಯಾರು? ಸರ್ಕಾರಿ ಕೆಲಸದ ಹಿತದೃಷ್ಟಿಯಿಂದ ನನ್ನನ್ನು ನುಗ್ಗೇಹಳ್ಳಿಗೆ ಹಾಕಲಾಗಿತ್ತು. ಹೊಳೆನರಸೀಪುರಕ್ಕೆ ಬೇರೆ ಯಾರೋ ಬಂದರು. (ಅವರ ಮಗ ಕೈಯಿಲ್ಲದ ಕುರ್ಚಿಯ ಸುತ್ತಿನಲ್ಲೇ ಸೋತವನು. ಅವನ ಮೇಲೆ ನನಗೆ ಕೋಪವಿಲ್ಲ.) ಅದು ಶಿಕ್ಷೆಯೋ ಕಾಕತಾಳೀಯವೋ ನಾನು ಕೇಳಲಿಲ್ಲ. ಕೇಳಲು ಹೋದರೆ ಮತ್ತೆ ಹಾಸನಕ್ಕೆ ಹೋಗಬೇಕು, ಮತ್ತೆ ಎದುರಿಗೆ ನಿಂತಿರಬೇಕು.

ನುಗ್ಗೇಹಳ್ಳಿಯಿಂದ ಹೊಳೆನರಸೀಪುರಕ್ಕೆ ಶನಿವಾರ ಸಂಜೆ ತಲುಪುವ ಹಾಗಿಲ್ಲ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕು. ಒಂದು ಬಸ್ಸಿನ ಒಲೆ ಹೊತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಹೊರಟುಹೋಗಿರುತ್ತದೆ. ಹಾಗಾಗಿ ಅಲ್ಲೇ ಯಾರದೋ ಜಗಲಿಯಲ್ಲಿ ಮಲಗಿದ್ದು ಭಾನುವಾರ ಬೆಳಗ್ಗೆ ಮನೆ ಸೇರುತ್ತೇನೆ. ಮೊದಲು ವಾರಕ್ಕೆ ಒಂದೂವರೆ ದಿನದ ಸಂಸಾರವಿತ್ತು. ಈಗ ಅದೂ ಒಂದೇ ದಿನಕ್ಕೆ ಬಂದಿದೆ. ಆಟ ಗೆದ್ದವನು ಹೀಗೆ ಸೋತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ಭಾನುವಾರ ಹೀಗೇ ಮನೆ ಸೇರಿದೆ. ಮೈಯೆಲ್ಲ ಇದ್ದಿಲಿನ ಮಸಿ. ಗಿರಿಜೆ ನಡುಮನೆಯಲ್ಲಿ ಡಬ್ಬಿ ತಿರುಗಿಸುತ್ತ ಕೂತಿದ್ದಳು. ಒಳಗೆ ಕುದುರೆ ಇದ್ದಲ್ಲೇ ಓಡುತ್ತಿತ್ತು. ನಾನು ಹೊಸಿಲಲ್ಲಿ ನಿಂತು ಅವಳ ಮಾಮೂಲು ಪ್ರಶ್ನೆಗೆ ಕಾದೆ. ಉತ್ತರವನ್ನು ದಾರಿಯಲ್ಲೇ ತಯಾರು ಮಾಡಿಕೊಂಡಿದ್ದೆ. ನಾಳೆ ಬೆಳಗ್ಗೆ, ಕೋಳಿ ಕೂಗುವ ಮೊದಲು.

ಅವಳು ಅದನ್ನು ಕೇಳಲಿಲ್ಲ.

"ಅಪ್ಪಾಜಿ, ಈ ಕುದುರೆಗೆ ಕಾಲು ನೋಯಲ್ವಾ?"

"ನೋಯುತ್ತೆ ಕಣಮ್ಮ."

ಅವಳು ಅಂಗೈ ಇಟ್ಟು ಡಬ್ಬಿಯನ್ನು ನಿಲ್ಲಿಸಿದಳು. ಎದ್ದು ಒಳಗೆ ಹೋಗಿ ಮಣೆ ತಂದು ಗೋಡೆಯ ಪಕ್ಕ ಹಾಕಿದಳು. ಬೆನ್ನು ಒರಗುವ ಜಾಗಕ್ಕೆ ಅಮ್ಮನ ಬಿಳಿ ಟವಲನ್ನು ಮೊಳೆಗೆ ಸಿಕ್ಕಿಸಿದಳು.

"ಮೊದ್ಲು ಕೂತ್ಕೊಳ್ಳಿ," ಎಂದಳು.

ಇಡೀ ಹಾಸನ ಜಿಲ್ಲೆಯಲ್ಲಿ ನನಗೆ ಹಾಗೆ ಹೇಳಿದ ಮೊದಲ ಅಧಿಕಾರಿ ಅವಳೇ.